ಖಾಲಿ ಚೌಕ

ಅನುಮಾನ ಮೊದಲು ಬಂದದ್ದು ಅಂಜನಮೂರ್ತಿಯ ಬಲಗೈ ಹೆಬ್ಬೆರಳಿಗೆ. ತುಮಕೂರಿನ ಶೆಟ್ಟಿಹಳ್ಳಿಯ ಅವನ ಮನೆಯ ಹಳೆಯ ಕಂಪ್ಯೂಟರಿನಲ್ಲಿ ಸೊನ್ನೆಯ ಗುಂಡಿ ಒಂದೇ ಒತ್ತಿಗೆ ಮಾತು ಕೇಳುವುದಿಲ್ಲ. ಎರಡು ಸಲ, ಮುನಿಸಿಕೊಂಡ ದಿನ ಮೂರು ಸಲ ಗುದ್ದಬೇಕು. ಹೋದ ವರ್ಷವೂ ಅದರ ಹಿಂದಿನ ವರ್ಷವೂ ಹೆಂಡತಿ ಸುಧಾಳ ಕಡಲಪಾಚಿಯ ಲೆಕ್ಕ ಟೈಪ್ ಮಾಡಿ ಮುಗಿಸುವ ಹೊತ್ತಿಗೆ ಹೆಬ್ಬೆರಳು ನೋಯುತ್ತಿತ್ತು. ಈ ಸಲ ಇನ್ನೂರ ನಲವತ್ತು ಸಾಲು ಮುಗಿದರೂ ಬೆರಳು ಹಾಯಾಗಿತ್ತು. ಹತ್ತು, ಇಪ್ಪತ್ತರ ಬಾಲದಲ್ಲಿ ಬರುವ ಸೊನ್ನೆ ಬಿಟ್ಟರೆ ಬರೀ ಸೊನ್ನೆ ಅಂತ ಅವನು ಒಮ್ಮೆಯೂ ಒತ್ತಿರಲಿಲ್ಲ.

ಮೊದಲು ತನ್ನನ್ನೇ ಬೈದುಕೊಂಡ. ಎಲ್ಲೋ ಕಣ್ಣು ತಪ್ಪಿ ಸೊನ್ನೆ ಇರುವ ಸಾಲುಗಳನ್ನೆಲ್ಲ ಹಾರಿಸಿಬಿಟ್ಟಿದ್ದೇನೆ ಅಂದುಕೊಂಡ. ಅವನ ಸ್ವಭಾವವೇ ಹಾಗೆ. ಹಗಲು ಜೆರಾಕ್ಸ್ ಅಂಗಡಿಯಲ್ಲಿ ನಿಂತು, ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದವನು. ಈಗ ಕುಣಿಗಲ್ಲಿನ ಒಂದು ಹೈಸ್ಕೂಲಿನಲ್ಲಿ ಗುಮಾಸ್ತ. ಸಂಜೆ ಓದಿದವರಿಗೆ ಒಂದು ಗುಮಾನಿ ಕೊನೆಯವರೆಗೂ ಬಿಡುವುದಿಲ್ಲ: ಹಗಲು ಓದಿದವರಿಗೆಲ್ಲ ಗೊತ್ತಿರುವ ಯಾವುದೋ ಒಂದು ಪಾಠ ತಮಗೆ ಮಾತ್ರ ತಪ್ಪಿಹೋಗಿದೆ ಅಂತ. ಗ್ಯಾಸ್ ಆಫ್ ಮಾಡಿದ್ದನ್ನು ಚಪ್ಪಲಿ ಮೆಟ್ಟಿದ ಮೇಲೂ ಎರಡು ಸಲ ಒಳಗೆ ಹೋಗಿ ನೋಡಿ ಬರುತ್ತಾನೆ. ಬಸ್ಸು ಹತ್ತಿದ ಮೇಲೆ ಮೂರನೆಯ ಸಲ ಸುಧಾಳಿಗೆ ಫೋನ್ ಮಾಡುತ್ತಾನೆ.

ಆಗಲೂ ಹಾಗೇ ಮಾಡಿದ. ಸುಧಾ ಪೆನ್ಸಿಲಿನಲ್ಲಿ ಬರೆದು ತಂದ, ಉಪ್ಪುನೀರು ತಾಗಿ ಹಪ್ಪಳದಂತಾಗಿದ್ದ ಹಾಳೆಗಳನ್ನು ಮೊದಲಿನಿಂದ ತೆಗೆದು ಒಂದೊಂದನ್ನೂ ಪರದೆಯ ಅಂಕಿಗೆ ಹೋಲಿಸಿದ. ಟೈಪಿಂಗಿನಲ್ಲಿ ತಪ್ಪಿರಲಿಲ್ಲ. ಹಾಳೆಯಲ್ಲೇ ಸೊನ್ನೆ ಇರಲಿಲ್ಲ. ಹಿಂದಿನ ಎರಡು ವರ್ಷದ ಕಡತ ತೆಗೆದ. ಅಲ್ಲಿ ಹತ್ತರಲ್ಲಿ ನಾಲ್ಕು ಸೊನ್ನೆ. ಸಂಡಿಗೆ ಹರಡಿದ ಹಾಗೆ ಪುಟದ ತುಂಬ ಸೊನ್ನೆ.

ಅಡುಗೆಮನೆಯಲ್ಲಿ ಸುಧಾ ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಚಪಾತಿ ಲಟ್ಟಿಸುತ್ತಿದ್ದಳು. ಆ ಕಡೆ ಬೆಳ್ಳಾವಿಯಿಂದ ಅವಳ ತಾಯಿ.

"ವಾಪಸ್ ಬರ್ತಾ ಇದೆ ಕಣಮ್ಮ ಪಾಚಿ! ಹೋದ್ ವರ್ಷ ನೋಡಿ ಅತ್ತಿದ್ನಲ್ಲ, ಅದೇ ಬಂಡೆ ಮೇಲೇ ಬಂದೈತೆ. ಅಪ್ಪನ ಕೈ ಗುಣ ಅಂತೀನಿ ನಾನು. ಹೂಂ... ಮಂಗಳವಾರ ಮೀಟಿಂಗು. ಹೇಳ್ಬಿಟ್ಟು ಬರ್ತೀನಿ."

ಅಂಜನಮೂರ್ತಿ ಹಾಳೆಗಳನ್ನು ಸದ್ದಾಗದಂತೆ ಮುಚ್ಚಿದ.

ಸುಧಾ ಕಡಲ ಪರಿಸರ ವಿಜ್ಞಾನಿ. ಸಮುದ್ರದ ಹೆಸರೂ ಇಲ್ಲದ ತುಮಕೂರಿನಲ್ಲಿ ಮನೆ, ಕುಮಟಾ ಕಡೆಯ ಬಂಡೆ ತೀರದಲ್ಲಿ ಕೆಲಸ. ತಿಂಗಳಿಗೆ ಹತ್ತು ದಿನ ಅಲ್ಲಿ, ಉಳಿದ ದಿನ ಇಲ್ಲಿ. ಗುಬ್ಬಿಯಲ್ಲಿ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುವಾಗ ಕೆರೆಯ ಪಾಚಿಯನ್ನು ಊಟದ ಡಬ್ಬಿಯಲ್ಲಿ ತುಂಬಿಕೊಂಡು ಬಂದು ವಾರ್ಡನ್ ಕೈಯಲ್ಲಿ ಬೈಸಿಕೊಂಡವಳು. ಆಮೇಲೆ ಕೆರೆ ಸಾಲದೆ ಸಮುದ್ರಕ್ಕೆ ಹೋದಳು. ಈಗ ಮನೆಯ ಹಾಸಿಗೆಯ ಕೆಳಗೆ ಹಳೆ ಪೇಪರಿನ ನಡುವೆ ಕೆಂಪು, ಕಂದು, ಹಸಿರು ಕಡಲಪಾಚಿಗಳು ಒತ್ತಾಗಿ ಒಣಗುತ್ತವೆ. ಪಕ್ಕದ ಮನೆಯವರು ಇವರು ದಿನಾ ಮೀನು ತಿನ್ನುತ್ತಾರೆ ಅಂದುಕೊಂಡಿದ್ದಾರೆ. ಗಂಡ ಹೆಂಡತಿ ಇಬ್ಬರೂ ಸಸ್ಯಾಹಾರಿಗಳು.

ಆ ಬಂಡೆಗಳ ಮೇಲಿನ ಪಾಚಿ ಸಣ್ಣ ಮೀನುಗಳಿಗೆ, ಏಡಿಮರಿಗಳಿಗೆ ತೊಟ್ಟಿಲು ಇದ್ದಂತೆ. ನಾಲ್ಕಾರು ವರ್ಷದಿಂದ ಅದು ಬೋಳಾಗುತ್ತ ಬಂದಿತ್ತು. ಒಂದು ಕಂಪನಿಗೆ ಅದನ್ನು ಕೊಯ್ದು ಮಾರುವ ಆಸೆ. ಊರಿನ ಮೀನುಗಾರರಲ್ಲಿ ಕೆಲವರು ಬೇಕು ಅಂದರು, ಕೆಲವರು ಬೇಡ ಅಂದರು. ಪಾಚಿ ಚೇತರಿಸಿಕೊಂಡಿದೆಯೋ ಇಲ್ಲವೋ ಎಂಬುದನ್ನು ಸುಧಾ ಮೂರು ವರ್ಷ ಲೆಕ್ಕ ಇಟ್ಟು ಹೇಳಬೇಕು, ಚೇತರಿಸಿಕೊಂಡಿದ್ದರೆ ಮಾತ್ರ ಕೊಯ್ಲು ಎಂದು ತೀರ್ಮಾನವಾಗಿತ್ತು. ಮಂಗಳವಾರ ಅವಳು ಹೇಳುವ ಒಂದು ಮಾತಿಗೆ ಕುಡುಗೋಲು ಕಾಯುತ್ತಿತ್ತು. ಇವತ್ತು ಶನಿವಾರ.

ಬಂಡೆಯ ಮೇಲೆ ಅಳತೆಯ ಚೌಕ ಇಟ್ಟು ಒಳಗಿನ ಪಾಚಿ ಎಣಿಸಲು ಮೊದಲೆರಡು ವರ್ಷ ಅವಳ ಜೊತೆ ವಿದ್ಯಾರ್ಥಿಗಳು ಹೋಗಿದ್ದರು. ಈ ಸಲ ಜನವರಿಯಲ್ಲಿ ಅವರಿಗೆ ಪರೀಕ್ಷೆ. ರಾಗಿ ಕಣ ಮುಗಿಸಿ ಕೈ ಖಾಲಿ ಮಾಡಿಕೊಂಡಿದ್ದ ಅವಳ ಅಪ್ಪ ಚಿಕ್ಕಬೋರಯ್ಯ "ನಾನ್ ಬರ್ತೀನಿ ನಡಿ, ಒಂದ್ ಚೌಕ ಇಡಕ್ಕೆ ಡಿಗ್ರಿ ಬೇಕಾ?" ಅಂತ ಎದ್ದು ಹೊರಟಿದ್ದರು.

ಮೂರೂ ವರ್ಷದಲ್ಲಿ ಬದಲಾದದ್ದು ಮಾವ ಒಬ್ಬರೇ. ಅಂಜನಮೂರ್ತಿ ತನ್ನನ್ನೇ ಗದರಿಕೊಂಡ. ಛೆ, ಗುಮಾಸ್ತ ನಾನು, ವಿಜ್ಞಾನದ ತಪ್ಪು ಹಿಡಿಯುವುದಕ್ಕೆ ನಾನ್ಯಾರು? ಪಾಚಿ ನಿಜವಾಗಿಯೇ ಬೆಳೆದಿದ್ದರೆ? ಖಾಲಿ ಜಾಗವೇ ಇಲ್ಲದಷ್ಟು ಬೆಳೆಯಬಾರದು ಅಂತ ಎಲ್ಲಿ ಬರೆದಿದೆ?

"ರೀ, ಟೈಪ್ ಆಯ್ತಾ?" ಸುಧಾ ಹಿಟ್ಟಿನ ಕೈಯಲ್ಲೇ ಬಂದು ಅವನ ಕೆನ್ನೆಗೆ ಒಂದು ಬಿಳಿ ಗೆರೆ ಎಳೆದಳು. "ನಿಮ್ ಬೆರಳಿಗೆ ಈ ವರ್ಷ ಎಣ್ಣೆ ಬೇಡ್ವಾ?"

"ಬೇಡ ಅನ್ಸುತ್ತೆ," ಅಂದ. "ನಾನ್ ಒಂಚೂರು ಬೆಳ್ಳಾವಿಗೆ ಹೋಗ್ಬರ್ತೀನಿ. ಆ ಚೌಕ ಅಲ್ಲೇ ಐತಲ್ಲ, ದಾರ ಬಿಗೀತೀನಿ ಅಂತ ಮಾವ ತಗಂಡ್ ಹೋಗಿದ್ರು."

"ಚೌಕ ಈಗ್ಯಾಕೆ?"

"ಇರ್ಲಿ, ಮನೇಲಿದ್ರೆ ಒಳ್ಳೇದು."

ಸುಳ್ಳು ಹೇಳಲು ಬಾರದ ಮನುಷ್ಯ. ಹೆಲ್ಮೆಟ್ ತಿರುಗುಮುರುಗಾಗಿ ಹಾಕಿಕೊಂಡು, ಮತ್ತೆ ಸರಿ ಮಾಡಿಕೊಂಡು ಹೊರಟ.

ಬೆಳ್ಳಾವಿಯ ಮನೆಯ ಅಂಗಳದಲ್ಲಿ ಚೌಕ ಕಾಣಿಸಿತು. ಅಳತೆ ಮಾಡಿ ಕೂಡಿಸಿದ ನಾಲ್ಕು ಪಿವಿಸಿ ಪೈಪು, ಒಳಗೆ ದಾರ ಎಳೆದು ಮಾಡಿದ ಇಪ್ಪತ್ತೈದು ಮನೆ; ಪಾಚಿ ಇರುವ ಮನೆ ಎಷ್ಟೋ ಅಷ್ಟೇ ಹಾಳೆಯ ಅಂಕಿ. ಅತ್ತೆ ಹನುಮಂತಮ್ಮ ಅದರ ಮೇಲೆ ಹಳೆ ಪಂಚೆ ಹಾಸಿ ಅರಳು ಸಂಡಿಗೆ ಇಟ್ಟಿದ್ದರು.

"ಅತ್ತೆ, ಇದು ಸುಧಂದಲ್ವಾ!"

"ಗೊತ್ತು ಬುಡಿ. ಖಾಲಿ ಇತ್ತು, ಅದ್ಕೇ ಇಟ್ಟೆ. ಸಮುದ್ರದ ಉಪ್ಪು ಕುಡ್ದೈತೆ ಅಂತ ಸಂಡಿಗೆಗೆ ಉಪ್ಪು ಕಮ್ಮಿ ಹಾಕಿವ್ನಿ." ಹನುಮಂತಮ್ಮ ತಾವೇ ನಕ್ಕರು. "ನಿಮ್ ಮಾವ ತೋಟದಲ್ಲವ್ರೆ. ಹೋಗಿ, ಸಮುದ್ರದ ಕತೆ ಹೇಳಕ್ಕೆ ಇನ್ನೊಂದ್ ಕಿವಿ ಸಿಕ್ತು ಅಂತ ಕುಣೀತಾರೆ."

ಅದು ನಿಜ. ಕುಮಟಾದಿಂದ ಬಂದ ಮೇಲೆ ಬೆಳ್ಳಾವಿಯ ಟೀ ಅಂಗಡಿಯಲ್ಲಿ ಸಮುದ್ರದ ವಿಷಯದಲ್ಲಿ ಚಿಕ್ಕಬೋರಯ್ಯನವರದೇ ಕೊನೆಯ ಮಾತಾಗಿತ್ತು. ಅಳಿಯನನ್ನು ಕಂಡದ್ದೇ ಅವರು ತೆಂಗಿನ ಪಾತಿಗೆ ನೀರು ತಿರುಗಿಸುವುದನ್ನು ಬಿಟ್ಟು ಬಂದರು.

"ಬನ್ನಿ ಅಳಿಮಯ್ಯ! ಅಲ್ಲಾ, ನಾವು ಅಮಾಸೆ ದಿನ ನೇಗಿಲೇ ಕಟ್ಟಲ್ಲ. ನಿಮ್ ಹೆಂಡ್ತಿ ಅಮಾಸೆ ಹುಡುಕ್ಕಂಡೇ ಕೆಲ್ಸಕ್ಕೆ ಹೋಯ್ತಾಳೆ. ಅವತ್ತೇ ಅಂತೆ ನೀರು ಜಾಸ್ತಿ ಹಿಂದಕ್ಕೆ ಸರಿಯೋದು. ಎಲ್ಡೇ ಗಂಟೆ ಟೈಮು. ಅಷ್ಟ್ರೊಳಗೆ ಹಗ್ಗ ಎಳ್ದು, ಚೌಕ ಇಟ್ಟು, ಎಣ್ಸಿ, ಎದ್ಬಿಡ್ಬೇಕು. ಇಲ್ದಿದ್ರೆ ಸಮುದ್ರ ಬಂದು ಕುಂಡಿ ತೋಯ್ಸ್ತದೆ."

"ಮಾವ, ಹೆಂಗ್ ಇಡ್ತಿದ್ರಿ ಒಂದ್ಸಲ ತೋರ್ಸಿ," ಅಂದ ಅಂಜನಮೂರ್ತಿ. "ನಾನು ಬರೀ ಟೈಪ್ ಮಾಡೋನು. ಒಂದ್ಸಲಾನೂ ನೋಡಿಲ್ಲ."

ಹೇಳಿಸಿಕೊಳ್ಳುವುದೇ ತಡ, ಚಿಕ್ಕಬೋರಯ್ಯ ಸಂಡಿಗೆಯ ಪಂಚೆಯನ್ನು ಹಾಗೇ ಎತ್ತಿ ಜಗಲಿಯ ಮೇಲಿಟ್ಟು, ಹೆಂಡತಿಯ ಬೈಗುಳ ಬೆನ್ನಿಗೆ ಬೀಳುತ್ತಿರುವಾಗಲೇ ಚೌಕ ಹೆಗಲಿಗೆ ಹಾಕಿಕೊಂಡು ಕೊಯ್ಲಾದ ರಾಗಿ ಹೊಲಕ್ಕೆ ನಡೆದರು. ಬಾವಿ ಹಗ್ಗ ನೆಲದ ಮೇಲೆ ನೇರವಾಗಿ ಎಳೆದರು.

"ನಂಬರಿನ ಚೀಟಿ ಇರ್ತದೆ. ಕಣ್ಮುಚ್ಚಿ ಎತ್ತಿದ ನಂಬರು. ನೀವು ಹೇಳಿ, ನಾನ್ ಇಡ್ತೀನಿ."

"ಏಳು."

ಏಳು ಹೆಜ್ಜೆ ಅಳೆದು ಇಟ್ಟರು. ಒಳಗೆ ರಾಗಿ ಕೂಳೆ, ಎರಡು ಗರಿಕೆ ಎಸಳು. "ನೋಡಿ, ಹಿಂದೆ ಮಗಳು ಬಂದು ಎಣ್ಸ್ತಾಳೆ. ನಾನು ಮುಂದಕ್ಕೆ. ಹೇಳಿ."

"ಹನ್ನೆರಡು."

ಹನ್ನೆರಡು ಬಿದ್ದದ್ದು ಕಣ ಮಾಡಿದ್ದ ಜಾಗಕ್ಕೆ. ಸಗಣಿ ಸಾರಿಸಿ ನುಣ್ಣಗಾಗಿದ್ದ ನೆಲ, ಒಂದು ಹುಲ್ಲುಕಡ್ಡಿ ಇಲ್ಲ. ಚಿಕ್ಕಬೋರಯ್ಯ ಚೌಕವನ್ನು ಅಲ್ಲಿ ಇಟ್ಟರು. ಒಂದು ಗಳಿಗೆ ನೋಡಿದರು. ಆಮೇಲೆ ಹೆಬ್ಬೆಟ್ಟಿನಿಂದ ಪೈಪನ್ನು ಮೆಲ್ಲಗೆ ನೂಕಿದರು, ಹಸುಗೂಸನ್ನು ತೊಟ್ಟಿಲಲ್ಲಿ ಸರಿಸುವ ಹಾಗೆ. ಇನ್ನೂ ಒಂದಿಷ್ಟು. ಕಣದ ಅಂಚಿನ ಗರಿಕೆ ಬುಡ ಒಂದು ಚೌಕದೊಳಗೆ ಬಂತು.

"ಆಯ್ತು, ಮುಂದಿಂದು ಹೇಳಿ."

"ಮಾವ... ಹನ್ನೆರಡು ಅಲ್ಲಿತ್ತಲ್ಲ?"

"ಅಲ್ಲೇನೈತೆ? ಬೋಳು."

"ಬೋಳಾಗಿದ್ರೆ ಬೋಳು ಅಂತ..."

"ಬೋಳ್ನ ಏನ್ ಎಣಿಸ್ತೀರಾ?" ಚಿಕ್ಕಬೋರಯ್ಯನಿಗೆ ಅಳಿಯನ ದಡ್ಡತನ ಕಂಡು ಕನಿಕರ ಬಂತು. "ಕಣದಲ್ಲಿ ಖಾಲಿ ಕೊಳಗ ಇಡಬಾರ್ದು ಅಂತಿದ್ದ ನಮ್ಮಪ್ಪ. ರಾಶಿ ಅಳೆಯೋ ಮುಂಚೆ ಕೊಳಗದ ತಳಕ್ಕೆ ಒಂದ್ ಹಿಡಿ ಕಾಳು ಹಾಕೇ ಮುಟ್ಟೋದು. ಖಾಲಿ ತೋರ್ಸುದ್ರೆ ಭೂಮ್ತಾಯಿ ನೊಂದ್ಕತಾಳೆ. ಸಮುದ್ರ ಬ್ಯಾರೆನಾ? ಅಲ್ದೆ ನೀವೊಂದ್ ತಿಳ್ಕಳಿ. ಮಗಳು ಹಿಂದಿಂದ ಬಂಡೆ ಮೇಲೆ ಮಂಡಿ ಊರ್ಕಂಡ್ ಬರೋಳು. ಮಂಡಿ ಎಲ್ಲ ಕೆತ್ತೋಗಿತ್ತು. ಅಷ್ಟು ಕಷ್ಟ ಪಟ್ಕಂಡ್ ಬಂದು ನೋಡುದ್ರೆ ಖಾಲಿ ಬಂಡೆ ಅಂದ್ರೆ ಅದರ ಮುಖ ಹೆಂಗಾಗ್ಬೇಕು? ಮೊದಲ್ನೇ ದಿನ ಒಂದ್ ಖಾಲಿ ಬಿತ್ತು. ಬರ್ಕಂಡು, ಮಾತೇ ಆಡ್ಲಿಲ್ಲ ಹುಡ್ಗಿ. ಆಮ್ಯಾಕೆ ನಾನು ಖಾಲಿ ಬಿಡ್ಲೇ ಇಲ್ಲ. ಒಂದಡಿ ಅತ್ಲಾಗೆ, ಒಂದಡಿ ಇತ್ಲಾಗೆ. ಏನಾರ ಸಿಗ್ತಿತ್ತು."

ಆ ಮೊದಲ ದಿನದ ಹಾಳೆ ಅಭ್ಯಾಸಕ್ಕೆಂದು ಬರೆದದ್ದು, ಲೆಕ್ಕಕ್ಕೆ ಸೇರಿರಲಿಲ್ಲ. ಅಂಜನಮೂರ್ತಿ ಕೂಳೆಯ ಮೇಲೆ ಕುಕ್ಕರಗಾಲಲ್ಲಿ ಕೂತುಬಿಟ್ಟ. ತನ್ನ ಅನುಮಾನ ನಿಜವಾದದ್ದು ಬದುಕಿನಲ್ಲಿ ಇದೇ ಮೊದಲು. ಅದು ಇಷ್ಟು ಕೆಟ್ಟದಾಗಿರುತ್ತದೆ ಅಂತ ಗೊತ್ತಿರಲಿಲ್ಲ.

"ಯಾಕ್ ಅಳಿಮಯ್ಯ? ಬಿಸ್ಲು ಬಡೀತಾ?"

ಹೇಳದೆ ಎದ್ದುಹೋಗಬಹುದಿತ್ತು. ಮುದುಕರ ಮುಖದಲ್ಲಿದ್ದ ಹೆಮ್ಮೆಯನ್ನು ಹಾಗೇ ಬಿಟ್ಟು, ಸುಧಾಳಿಗೆ ಮಾತ್ರ ಹೇಳಬಹುದಿತ್ತು. ಆದರೆ ಚಿಕ್ಕಬೋರಯ್ಯ ಅವನ ಪಕ್ಕ ಬಂದು ಕೂತು, ಅವನ ಮುಖವನ್ನೇ ನೋಡುತ್ತಿದ್ದರು.

"ಮಾವ, ಮಂಗಳವಾರ ಸುಧಾ ಮೀಟಿಂಗಲ್ಲಿ ಪಾಚಿ ವಾಪಸ್ ಬಂದೈತೆ ಅಂತ ಹೇಳ್ತಾಳೆ. ಹಂಗಂದ್ರೆ ಕಂಪನಿಯವ್ರು ಕೊಯ್ಯಕ್ಕೆ ಇಳೀತಾರೆ." ತಡೆದ. "ಖಾಲಿ ಇರೋ ಜಾಗ ಲೆಕ್ಕಕ್ಕೇ ಬಂದಿಲ್ಲ. ಅದಕ್ಕೇ ತುಂಬಿರೋ ಹಂಗೆ ಕಾಣ್ತೈತೆ. ನಂಗೆ ಸರಿಯಾಗಿ ಗೊತ್ತಿಲ್ಲ, ನಾನೇ ತಪ್ಪಿರ್ಬೋದು..."

ಚಿಕ್ಕಬೋರಯ್ಯ ಗರಿಕೆಯ ಬುಡವನ್ನು ಚೌಕದ ಒಳಗಿನಿಂದ ಕಿತ್ತು ಕೈಯಲ್ಲಿ ಹೊಸೆದರು.

"ಅಂದ್ರೆ ಚೀಲದ ಬಾಯಿಗೆ ಒಳ್ಳೇ ಕೊಬ್ರಿ ಇಟ್ಟು ಮಾರ್ದಂಗಾಯ್ತು," ಅಂದರು.

ಅಂಜನಮೂರ್ತಿ ತಲೆ ತಗ್ಗಿಸಿದ.

"ನಲವತ್ತು ವರ್ಷ ತಿಪಟೂರು ಮಾರ್ಕೆಟ್ಟಿಗೆ ಕೊಬ್ರಿ ಹಾಕಿವ್ನಿ. ಒಂದ್ ಚೀಲದಲ್ಲೂ ಹಂಗ್ ಮಾಡ್ದೋನಲ್ಲ. ಮಗಳ ಚೀಲದಲ್ಲಿ ಮಾಡ್ಬುಟ್ನಲ್ಲಯ್ಯಾ." ಎದ್ದು ನಿಂತು ಪಂಚೆ ಕೊಡವಿದರು. "ನೀವು ಹೇಳ್ಬ್ಯಾಡಿ ಅವ್ಳಿಗೆ. ನಾನೇ ಹೇಳ್ತೀನಿ. ನಡೀರಿ ಗಾಡಿ ತೆಗೀರಿ."

ಬೆಳ್ಳಾವಿಯಿಂದ ತುಮಕೂರಿನವರೆಗೂ ಚಿಕ್ಕಬೋರಯ್ಯ ಸ್ಕೂಟರಿನ ಹಿಂದೆ ಚೌಕವನ್ನು ಕೊರಳಿಗೆ ಹಾಕಿಕೊಂಡು ಕೂತಿದ್ದರು. ದಾರದ ಇಪ್ಪತ್ತೈದು ಮನೆಗಳಲ್ಲಿ ನಾಲ್ಕು ಹರಿದು, ಅದರೊಳಗಿಂದ ಅವರ ತಲೆ. ಎದುರು ಬಂದವರೆಲ್ಲ ತಿರುಗಿ ನೋಡಿದರು. ಅಂಜನಮೂರ್ತಿ ಕನ್ನಡಿಯಲ್ಲಿ ನೋಡಿದಾಗಲೆಲ್ಲ ಮಾವನ ತುಟಿ ಅಲ್ಲಾಡುತ್ತಿತ್ತು. ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡುತ್ತಿದ್ದರು.

ಬಾಯಿಪಾಠ ಮಾಡಿದ್ದು ಬಾಗಿಲಲ್ಲೇ ಮರೆತುಹೋಯಿತು.

"ಅಪ್ಪಾ! ಇದೇನ್ ವೇಷ?" ಸುಧಾ ನಗುತ್ತ ಚೌಕ ತೆಗೆದಳು. "ಊಟ ಆಯ್ತಾ?"

"ಆಯ್ತು. ಆಗಿಲ್ಲ. ತೋಟಕ್ಕೆ ನೀರ್ ಬಿಡ್ತಿದ್ದೆ," ಅಂದರು ಚಿಕ್ಕಬೋರಯ್ಯ. ಕೂತರು. ನೀರು ಕುಡಿದರು. ಈ ವರ್ಷ ತೆಂಗಿನ ಎಳೆ ಹರಳು ಎಷ್ಟು ಉದುರಿತು ಅಂದರು. ನಿಮ್ಮಮ್ಮ ಸಂಡಿಗೆ ಇಟ್ಟವ್ಳೆ ಅಂದರು. ಅಂಜನಮೂರ್ತಿ ಒಮ್ಮೆ ಕೆಮ್ಮಿದ. ಮಾವ ಅವನನ್ನು ದುರುಗುಟ್ಟಿ ನೋಡಿ, ಆಮೇಲೆ ಮಗಳ ಕಡೆ ತಿರುಗಿ, "ಮಗಾ, ನಾನ್ ಚೌಕ ಜರುಗಿಸ್ಬುಟ್ಟಿವ್ನಿ," ಅಂದರು.

"ಎಲ್ಲಿಗೆ?"

"ಪಾಚಿ ಇರೋ ಕಡೀಕೆ. ಪ್ರತಿ ಸಲಾನೂ."

ಸುಧಾಳ ಮುಖದ ನಗು ಅಲ್ಲೇ ನಿಂತಿತು, ಹೋಗಲು ದಾರಿ ಗೊತ್ತಿಲ್ಲದ ಹಾಗೆ. ಅವಳು ಹಾಳೆಗಳನ್ನು ತೆಗೆದುಕೊಂಡು ನೆಲದ ಮೇಲೆ ಹರಡಿದಳು. ಬೆರಳಿಟ್ಟು ಒಂದೊಂದೇ ಸಾಲು ಇಳಿದಳು. ಮೂರು, ಎಂಟು, ಎರಡು, ಹದಿನಾಲ್ಕು, ಒಂದು. ಕೊನೆಯ ಹಾಳೆ ಮುಗಿದಾಗ ಅದನ್ನು ಮಡಿಲಲ್ಲಿಟ್ಟುಕೊಂಡು ಅದರ ಸುಕ್ಕು ನೀವತೊಡಗಿದಳು.

"ಬಯ್ಯವ್ವ," ಅಂದರು ಚಿಕ್ಕಬೋರಯ್ಯ. "ಬೈದ್ಬುಡು. ಸುಮ್ಕಿರ್ಬ್ಯಾಡ."

"ನಿನ್ನ ಏನಂತ ಬಯ್ಲಪ್ಪಾ?" ಅವಳ ದನಿ ಒಡೆದಿತ್ತು. "ನಿಂಗೆ ಯಾರೂ ಹೇಳ್ಕೊಟ್ಟಿರ್ಲಿಲ್ಲ. ನಾನು ಪಿಎಚ್‌ಡಿ ಮಾಡಿದೋಳು. ಇನ್ನೂರ ನಲವತ್ತು ಸಲ ಬರೆದಿದೀನಿ, ಒಂದೂ ಖಾಲಿ ಇಲ್ಲ ಅಂತ ನಂಗೆ ಕಾಣ್ಲಿಲ್ಲ. ಸೊನ್ನೆ ಜಾಸ್ತಿ ಬಂದಿದ್ರೆ ನೂರು ಸಲ ನೋಡ್ತಿದ್ದೆ. ಒಳ್ಳೇದು ಬಂತು ಅಂತ ಸುಮ್ನಾದೆ." ಅವಳು ಗಂಡನ ಕಡೆ ತಿರುಗಿದಳು. "ನಿಮಗ್ಯಾವಾಗ ಗೊತ್ತಾಯ್ತು?"

"ಬೆಳಿಗ್ಗೆ. ಬೆರಳು ನೋಯ್ಲಿಲ್ಲ, ಅದಕ್ಕೆ..."

"ಮತ್ತೆ ನಂಗ್ ಹೇಳ್ದೆ ಬೆಳ್ಳಾವಿಗೆ ಓಡುದ್ರಾ?"

"ನಂದೇ ತಪ್ಪಿರ್ಬೋದು ಅಂತ. ನೀನು ಅಷ್ಟ್ ಖುಷಿಯಾಗಿದ್ದೆ."

"ಒಬ್ರು ನಾನ್ ಖುಷಿಯಾಗಿರ್ಲಿ ಅಂತ ಚೌಕ ಜರುಗಿಸ್ತಾರೆ. ಇನ್ನೊಬ್ರು ನಾನ್ ಖುಷಿಯಾಗಿದೀನಿ ಅಂತ ಬಾಯ್ ಮುಚ್ಕೊಂಡು ಇಪ್ಪತ್ ಕಿಲೋಮೀಟ್ರು ಹೋಗ್ತಾರೆ." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಎಂಥೋರ ಮಧ್ಯ ಸಿಕ್ಕಾಕ್ಕೊಂಡಿದೀನಿ ನಾನು!"

ಅವಳು ನಗುತ್ತಿದ್ದಾಳೋ ಅಳುತ್ತಿದ್ದಾಳೋ ಇಬ್ಬರು ಗಂಡಸರಿಗೂ ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.

ಆಮೇಲೆ ಅವಳು ಒಳಕೋಣೆಗೆ ಹೋಗಿ ಮಂಗಳವಾರದ ಮೀಟಿಂಗ್ ಕರೆದಿದ್ದ ಅಧಿಕಾರಿಗೆ ಫೋನ್ ಮಾಡಿದಳು. ಬಾಗಿಲು ಮುಚ್ಚಿರಲಿಲ್ಲ. ಈ ವರ್ಷದ ಲೆಕ್ಕ ಹಿಂದಕ್ಕೆ ತಗೊಳ್ತಿದೀನಿ, ಅಳತೆಯಲ್ಲಿ ತಪ್ಪಾಗಿದೆ, ತಪ್ಪು ನನ್ನದೇ, ಮುಂದಿನ ಜನವರಿ ಇಳಿತದಲ್ಲಿ ಮತ್ತೆ ಅಳೆಯುವವರೆಗೂ ಚೇತರಿಕೆ ಅಂತ ನಾನು ಹೇಳೋದಿಲ್ಲ ಅಂದಳು. ಆ ಕಡೆಯವರು ಏನೋ ಜೋರಾಗಿ ಹೇಳುತ್ತಿದ್ದರು. "ಹೌದು ಸರ್, ಗೊತ್ತು. ಒಂದ್ ವರ್ಷ ಹೋಗುತ್ತೆ. ಮಂಗಳವಾರ ಬಂದು ಎಲ್ಲರ ಮುಂದೆ ಇದನ್ನೇ ಹೇಳ್ತೀನಿ." ಮತ್ತೆ ಆ ಕಡೆಯ ದನಿ. "ಇಲ್ಲ ಸರ್. ಹೇಳಿ ಬೈಸ್ಕೊಳೋದೇ ವಾಸಿ." ಅಪ್ಪನ ಹೆಸರನ್ನು ಅವಳು ಎತ್ತಲೇ ಇಲ್ಲ. ಹೊರಗೆ ಕೂತ ಚಿಕ್ಕಬೋರಯ್ಯ ಅದನ್ನು ಗಮನಿಸಿದರು. ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡರು.

ಅವಳು ಹೊರಗೆ ಬಂದಾಗ ಅವರು ಎದ್ದು ನಿಂತಿದ್ದರು. "ಬರ್ತೀನವ್ವ. ಮುಂದಿನ ಸಲ ಯಾರಾರ ಓದ್ದೋರ್ನ ಕರ್ಕಂಡ್ ಹೋಗು. ನಂಗ್ ಅದು ಆಗಲ್ಲ ಬುಡು."

ಸುಧಾ ಚೌಕ ಎತ್ತಿಕೊಂಡಳು, ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿದಳು. "ಬಾ ಇಲ್ಲಿ," ಅಂದಳು.

ಮನೆಯ ಪಕ್ಕದಲ್ಲಿ ಒಂದು ಖಾಲಿ ಸೈಟು. ಅಲ್ಲಲ್ಲಿ ಪಾರ್ಥೇನಿಯಂ, ಅಲ್ಲಲ್ಲಿ ಯಾರೋ ಕಸ ಸುಟ್ಟ ಬೋಳು. ಸಂಜೆಯ ಬಿಸಿಲು ದೇವರಾಯನದುರ್ಗದ ದಿಕ್ಕಿನ ಮನೆಗಳ ಗೋಡೆಗೆ ಬಿದ್ದಿತ್ತು. ಸುಧಾ ಹಗ್ಗ ಎಳೆದಳು. ಗಂಡನ ಕೈಗೆ ಪೆನ್ಸಿಲು, ಹಾಳೆ ಕೊಟ್ಟಳು. ಚೀಟಿ ಎತ್ತಿ ತಾನೇ ಕೂಗಿದಳು.

"ನಾಲ್ಕು!"

ಚಿಕ್ಕಬೋರಯ್ಯ ಒಲ್ಲದ ಮನಸ್ಸಿನಿಂದ ಇಟ್ಟರು. ಪಾರ್ಥೇನಿಯಂ, ಒಂಬತ್ತು ಮನೆ. ಅಂಜನಮೂರ್ತಿ ಬರೆದುಕೊಂಡ.

"ಒಂಬತ್ತು!"

ಒಂಬತ್ತು ಬಿದ್ದದ್ದು ಬೂದಿಯ ಮೇಲೆ. ಕರಿ ನೆಲ, ಒಂದು ಎಲೆಯಿಲ್ಲ. ಚೌಕ ಇಟ್ಟರು. ಅವರ ಕಾಲಿನ ಹೆಬ್ಬೆಟ್ಟು ತಾನಾಗಿಯೇ ಪೈಪಿನ ಹತ್ತಿರ ಹೋಯಿತು. ಒಂದು ಮೊಳ ದೂರದಲ್ಲಿ ಹಸಿರು ಗಿಡವೊಂದು ಕಾಣುತ್ತಿತ್ತು. ಅಂಜನಮೂರ್ತಿ ಆ ಹೆಬ್ಬೆಟ್ಟನ್ನೇ ನೋಡಿದ. ಅದು ಪೈಪನ್ನು ಮುಟ್ಟಿತು. ನಿಂತಿತು. ಹಿಂದಕ್ಕೆ ಬಂತು.

"ಏನಿಲ್ಲ ಇಲ್ಲಿ," ಅಂದರು ಚಿಕ್ಕಬೋರಯ್ಯ, ಯಾರದೋ ಸಾವಿನ ಸುದ್ದಿ ಹೇಳುವಷ್ಟು ಮೆಲ್ಲಗೆ.

"ಹಂಗಲ್ಲಪ್ಪ. ನಂಬರ್ ಹೇಳು."

"...ಸೊನ್ನೆ."

"ಅಲೆ ಸದ್ದಲ್ಲಿ ನಂಗೇನ್ ಕೇಳ್ಸುತ್ತೆ? ಜೋರಾಗ್ ಹೇಳು. ಜನವರಿಲಿ ಬರ್ಬೇಕು ತಾನೆ ನೀನು?"

ಚಿಕ್ಕಬೋರಯ್ಯ ಮಗಳ ಮುಖ ನೋಡಿದರು. ಅವಳ ಮುಖ ತಾವು ಹೆದರಿದ್ದ ಹಾಗೆ ಆಗಿರಲಿಲ್ಲ. ದಣಿದಿತ್ತು, ಕಣ್ಣು ಕೆಂಪಾಗಿತ್ತು, ಆದರೆ ಮುಂದಿನ ಚೀಟಿ ಆಗಲೇ ಬೆರಳಲ್ಲಿತ್ತು.

"ಸೊನ್ನೆ!" ಅಂತ ಕೂಗಿದರು, ಹೊಲದಲ್ಲಿ ಹಕ್ಕಿ ಓಡಿಸುವ ದನಿಯಲ್ಲಿ. ಎದುರು ಮನೆಯ ಮಹಡಿಯಲ್ಲಿ ಬಟ್ಟೆ ತೆಗೆಯುತ್ತಿದ್ದವರು ಬಗ್ಗಿ ನೋಡಿದರು.

ಅಂಜನಮೂರ್ತಿ ಹಾಳೆಯ ಮೇಲೆ ಸೊನ್ನೆ ಬರೆದ. ಸರಿಯಾಗಿ ಬರೆದಿದ್ದೇನೆಯೋ ಇಲ್ಲವೋ ಅಂತ ಇನ್ನೊಮ್ಮೆ ನೋಡಿದ. ಆಮೇಲೆ ಮುಂದಿನ ನಂಬರಿಗೆ ಕಿವಿಗೊಟ್ಟ.